ನೂರು ಪರ್ಸೆಂಟಿನ ಆಸೆ

ಮೊಬೈಲನ್ನು 80 ಪರ್ಸೆಂಟಿಗೆ ಚಾರ್ಜಿನಿಂದ ತೆಗೆಯಬೇಕು, 20ಕ್ಕಿಂತ ಕೆಳಗೆ ಇಳಿಯಲು ಬಿಡಬಾರದು ಎಂದು ಮೊದಲು ಬುದ್ಧಿ ಹೇಳಿದವರು ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲಿ ಕೊಡಗಿನ ತೋಟದ ಮನೆಯಲ್ಲಿ ಒಂದು ವಾರ ಕಳೆದವರಲ್ಲ. ಸಿಲ್ವರ್ ಮರವೊಂದು ಲೈನಿನ ಮೇಲೆ ಒರಗಿತೆಂದರೆ ಕರೆಂಟು ಇವತ್ತು ಬರುತ್ತದೋ ನಾಡಿದ್ದು ಬರುತ್ತದೋ ಲೈನ್‌ಮ್ಯಾನಿಗೂ ಗೊತ್ತಿರುವುದಿಲ್ಲ. ಬಂದ ಕರೆಂಟನ್ನು 80ಕ್ಕೇ ಸಾಕು ಅನ್ನುವ ಸಂಯಮ ಋಷಿಮುನಿಗಳಿಗೂ ಕಷ್ಟ.

"ಕರೆಂಟ್ ಬಂತು" ಎಂದು ಯಾರಾದರೂ ಕೂಗಿದರೆ ಸಾಕು, ಮನೆಯ ಒಂದು ಪ್ಲಗ್ಗೂ ಖಾಲಿ ಉಳಿಯುವುದಿಲ್ಲ. ಆನೆ ಬಂದರೆ ಬಿಡುವ ದೊಡ್ಡ ಟಾರ್ಚು, ಮಕ್ಕಳ ಟ್ಯಾಬು, ಚಿಕ್ಕಪ್ಪನ ಬಟನ್ ಫೋನು, ತೋಟದ ಕೆಲಸದವರ ಲೈನ್ ಮನೆಯಿಂದ ಓಡಿಬಂದವರ ಕೈಯಲ್ಲಿ ಇನ್ನೆರಡು. ಎಲ್ಲಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡು, ಅದರಲ್ಲೂ ಒಂದು ತೂತು ಸಡಿಲ. ಪಿನ್ನಿನ ಸಂದಿಗೆ ಬೆಂಕಿಪೊಟ್ಟಣದ ಕಾಗದ ಮಡಿಸಿ ತುರುಕಿದರಷ್ಟೇ ಅಲ್ಲಿ ಚಾರ್ಜ್ ಹತ್ತುತ್ತದೆ.

ಹಾಗೆಂದು ಆ ಬುದ್ಧಿಮಾತು ಸುಳ್ಳಲ್ಲ. ಮೊಬೈಲಿನ ಲಿಥಿಯಂ ಬ್ಯಾಟರಿ ತುಂಬಿದಾಗ ಒಂದೊಂದು ಸೆಲ್ಲಿನ ವೋಲ್ಟೇಜು 4.2ರ ಆಸುಪಾಸಿಗೆ ಏರುತ್ತದೆ. ಅಲ್ಲೇ ಬಹಳ ಹೊತ್ತು ನಿಂತರೆ ಒಳಗಿನ ದ್ರವ ಮೆಲ್ಲಮೆಲ್ಲಗೆ ಕೆಡುತ್ತದೆ. ಜೊತೆಗೆ ಬಿಸಿಯೂ ಸೇರಿತೋ, ಇನ್ನೂ ಬೇಗ. ಅಂದರೆ ನೂರು ಮುಟ್ಟುವುದಕ್ಕಿಂತ ನೂರರಲ್ಲೇ ಕೂತಿರುವುದು ಕೇಡು. ನಮ್ಮ ಮಳೆಗಾಲದಲ್ಲಿ ಆ ಭಯವಿಲ್ಲ, ತುಂಬಿ ಮುಗಿಯುವಷ್ಟರಲ್ಲಿ ಕರೆಂಟು ಹೋಗಿರುತ್ತದೆ. ಸೆಕೆಯಂತೂ ಇಲ್ಲವೇ ಇಲ್ಲ. ತೊಂದರೆಯೆಲ್ಲ ಅಡುಗೆಮನೆಯಲ್ಲಿ. ಥಂಡಿ ಹಿಡಿಯುತ್ತದೆಂದು ಸೌದೆ ಒಲೆಯ ಕಟ್ಟೆ ಮೇಲೆ ಫೋನಿಟ್ಟು ಬೆಚ್ಚಗೆ ಮಾಡುವವರಿದ್ದಾರೆ. ಬ್ಯಾಟರಿಯ ಆಯಸ್ಸಿಗೆ ಅದಕ್ಕಿಂತ ದೊಡ್ಡ ಕುತ್ತಿಲ್ಲ.

ಚಿಕ್ಕಪ್ಪನದು ಬೇರೆಯೇ ಪಂಥ. "ಪೂರ್ತಿ ಖಾಲಿ ಆಗ್ಬೇಕು ಮಗಾ, ಆಮೇಲೇ ಹಾಕ್ಬೇಕು. ಇಲ್ಲಾಂದ್ರೆ ಬ್ಯಾಟ್ರಿ ಅಭ್ಯಾಸ ಕೆಡ್ತದೆ." ಅವರು ಹೇಳುವುದು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. 1991ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದ ಮೇಲೂ ಆ ಮಾತು ಮಾತ್ರ ಖಾಲಿಯಾಗಿಲ್ಲ. ಲಿಥಿಯಂಗೆ ಪೂರ್ತಿ ಖಾಲಿಯಾಗುವುದೇ ಒಗ್ಗದು. ಆಗಾಗ ಸ್ವಲ್ಪಸ್ವಲ್ಪ ತುಂಬಿದರೆ ಅದಕ್ಕೆ ಖುಷಿ. ಈ ಬ್ಯಾಟರಿಗಾಗಿ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಜಾನ್ ಗುಡ್‌ಇನಫ್ ಅವರಿಗೆ ಆಗ 97 ವರ್ಷ. ಅವರು 80ಕ್ಕೆ ನಿಲ್ಲಲಿಲ್ಲ, ನೂರು ಮುಟ್ಟಿಯೇ 2023ರಲ್ಲಿ ತೀರಿಕೊಂಡರು.

ತಮಾಷೆಯೆಂದರೆ ಚಿಕ್ಕಪ್ಪ ಅದೇ ನಿಯಮವನ್ನು ಇನ್ವರ್ಟರಿಗೂ ಹಚ್ಚುತ್ತಾರೆ. ಅದರದು ಸೀಸ ಮತ್ತು ಆಸಿಡ್ಡಿನ ಬ್ಯಾಟರಿ, ಸ್ವಭಾವ ಪೂರಾ ಉಲ್ಟಾ. ಅದಕ್ಕೆ ಸದಾ ಹೊಟ್ಟೆ ತುಂಬಿರಬೇಕು. ಖಾಲಿ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಹಿಡಿಯುವುದಿಲ್ಲ. ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು. "ಮಳೆ ನೀರೂ ಶುದ್ಧವೇ ಅಲ್ವಾ?" ಎಂದು ಒಮ್ಮೆ ಚೊಂಬು ಹಿಡಿದು ಬಂದಿದ್ದರು. ಮಾಡಿನಿಂದ ಇಳಿದ ನೀರಿನಲ್ಲಿ ಪಾಚಿ ತೇಲುತ್ತಿತ್ತು.

ಇನ್ನು ಸಿಗ್ನಲ್ಲು. ಟವರಿಗೂ ಕರೆಂಟಿಲ್ಲದೆ ಸಿಗ್ನಲ್ ಸತ್ತಾಗ ಫೋನು ಅದನ್ನು ಹುಡುಕುತ್ತಲೇ ಬ್ಯಾಟರಿ ಮುಗಿಸುತ್ತದೆ. ರಾತ್ರಿ ಏರೋಪ್ಲೇನ್ ಮೋಡಿಗೆ ಹಾಕಿ ಮಲಗಿದರೆ ಬೆಳಿಗ್ಗೆ ಮಾತಾಡಲು ಒಂದಿಷ್ಟು ಉಳಿದಿರುತ್ತದೆ.

ಈಗಿನ ಎಷ್ಟೋ ಫೋನುಗಳಲ್ಲಿ 80ಕ್ಕೇ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಇದೆ. ಕಾಫಿ ಕೊಯ್ಲು ಶುರುವಾದಾಗ ಅದನ್ನು ಆನ್ ಮಾಡುತ್ತೇನೆ, ಕಣದಲ್ಲಿ ಕಾಫಿ ಒಣಗುವ ಬಿಸಿಲಿನ ದಿನಗಳಿಗೆ ಅದೇ ಸರಿ. ಜೂನ್ ಬಂದು ಅಟ್ಟದಿಂದ ಕೊಡೆ ಇಳಿಸಿದ ದಿನ ಆಫ್. ಚಿಕ್ಕಪ್ಪನ ಬಟನ್ ಫೋನಿನಲ್ಲಿ ಆ ಸೆಟ್ಟಿಂಗೂ ಇಲ್ಲ, ಅದರ ಗೊಡವೆಯೂ ಅವರಿಗಿಲ್ಲ. ಒಮ್ಮೆ ಹಾಕಿದ ಚಾರ್ಜು ದಿನಗಟ್ಟಲೆ ಬರುತ್ತದೆ, ಕರೆಂಟು ಹೋದ ನಾಲ್ಕನೇ ದಿನ ನಾವೆಲ್ಲ ಅವರ ಫೋನಿಗೇ ಕ್ಯೂ ನಿಲ್ಲುತ್ತೇವೆ.