ಬಿಸಿಲು ಪಾವಗಡದ್ದು, ಕಾಡು ಶರಾವತಿಯದ್ದು

ನಮ್ಮ ಸಾಗರದ ಕಡೆ ಸೋಲಾರ್ ಮಾತು ಶುರುವಾದರೆ ಎರಡೇ ನಿಮಿಷಕ್ಕೆ ಅದು ಶರಾವತಿ ಪಂಪ್ಡ್ ಸ್ಟೋರೇಜ್‌ಗೆ ಬಂದು ನಿಲ್ಲುತ್ತದೆ. ಬಿಸಿಲಿಗೂ ಕಣಿವೆಗೂ ಎಲ್ಲಿಯ ಸಂಬಂಧ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಸಂಬಂಧ ಇದೆ, ಸ್ವಾಮಿ.

ಸೋಲಾರ್ ಅಂದರೆ ಹಗಲಿನ ಕರೆಂಟು. ಪಾವಗಡದ 13,000 ಎಕರೆ ಪಾರ್ಕಿಗೆ 2,050 ಮೆಗಾವ್ಯಾಟ್ ಸಾಮರ್ಥ್ಯ ಇದೆ ನಿಜ. ಆದರೆ ಊರೆಲ್ಲ ದೀಪ, ಟಿವಿ, ಮಿಕ್ಸಿ ಹಾಕುವ ಹೊತ್ತಿಗೆ ಅಲ್ಲಿ ಸೊನ್ನೆ. ಹಾಗಾಗಿ ಹಗಲು ಮಿಕ್ಕ ಕರೆಂಟಿನಲ್ಲಿ ಶರಾವತಿಯ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ತೆಗೆಯುವ ಯೋಜನೆ ಹಾಕಿದ್ದಾರೆ. ಪಂಪ್ಡ್ ಸ್ಟೋರೇಜ್ ಅಂದರೆ ಇದೇ. ನೀರೆತ್ತಲು ನೂರು ಯೂನಿಟ್ ಸುಟ್ಟರೆ ವಾಪಸ್ ಸಿಗುವುದು ಎಪ್ಪತ್ತೈದು, ಹೆಚ್ಚೆಂದರೆ ಎಂಬತ್ತು. ಸುರಂಗ ಕೊರೆಯುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ.

ನಾನು ಸೋಲಾರ್ ವಿರೋಧಿ ಅಂತ ಮಾತ್ರ ತಿಳಿಯಬೇಡಿ. 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಶುರುವಾದಾಗ 2022ಕ್ಕೆ 20,000 ಮೆಗಾವ್ಯಾಟ್ ಎಂದಿದ್ದರು, 2015ರಲ್ಲಿ ಅದನ್ನೇ ಒಂದು ಲಕ್ಷ ಮಾಡಿದರು. ಲಕ್ಷ ದಾಟಿದ್ದು 2025ರ ಆರಂಭದಲ್ಲಿ. ತಡವಾಯಿತು, ಆದರೂ ಸಣ್ಣ ಕೆಲಸವಲ್ಲ. ರಾಯಚೂರಿನ ಸ್ಥಾವರಕ್ಕೆ ಹೊರರಾಜ್ಯದಿಂದ ಕಲ್ಲಿದ್ದಲು ತಂದು ಸುಟ್ಟು, ಬೂದಿಯನ್ನು ಅಲ್ಲಿಯವರ ತಲೆ ಮೇಲೆ ಹಾಕುವುದಕ್ಕಿಂತ ಇದು ಸಾವಿರ ಪಾಲು ವಾಸಿ. ಹಗಲೇ ತ್ರೀ ಫೇಸ್ ಸಿಕ್ಕರೆ ರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಮೋಟರ್ ಹಾಕಲು ಹೋಗುವುದು ತಪ್ಪುತ್ತದೆ. ಹಾವು, ಕಾಟಿ ಇರುವ ಊರಿನವರಿಗೆ ಅದರ ಬೆಲೆ ಗೊತ್ತು.

ಪಾವಗಡದಲ್ಲಿ ಒಂದು ಒಳ್ಳೆಯ ಕೆಲಸ ಆಯಿತು. ಜಮೀನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಹಿಡಿದರು. ಬರದ ನಾಡಿನಲ್ಲಿ ಮಳೆ ಬರಲಿ ಬಿಡಲಿ ಬರುವ ದುಡ್ಡು ಅದು. ಕೂಲಿಗೆ ಹೋಗುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಏನೂ ದಕ್ಕಲಿಲ್ಲ ಎನ್ನುವುದೂ ಅಷ್ಟೇ ನಿಜ. ಆದರೆ ಪಹಣಿ ಇನ್ನೂ ರೈತನ ಹೆಸರಲ್ಲೇ ಇದೆಯಲ್ಲ! ನಮ್ಮಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಮುಳುಗಿದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಹಿನ್ನೀರಿನಾಚೆಯ ತುಮರಿಯವರಿಗೆ ಸೇತುವೆ ಬಂದಿದ್ದು 2025ರ ಜುಲೈಯಲ್ಲಿ. ನಾಡಿಗೆ ಬೆಳಕು ಕೊಟ್ಟವರು ಅಂತ ಭಾಷಣದಲ್ಲಿ ನಮ್ಮನ್ನು ಹೊಗಳಿದ್ದು ಸಾಕು.

ಸಂಜೆಯ ಕರೆಂಟಿಗೆ ಏನು ಮಾಡುವುದು ಅಂತ ಕೇಳುತ್ತೀರಿ. ಶರಾವತಿಯಲ್ಲಿ ಈಗಾಗಲೇ 1,035 ಮೆಗಾವ್ಯಾಟ್ ಕೇಂದ್ರ ಇದೆ. ಹಗಲು ಪಾವಗಡ ನಡೆಸಲಿ, ಲಿಂಗನಮಕ್ಕಿಯ ನೀರನ್ನು ಸಂಜೆಗೆ ಉಳಿಸಿ. ಇದಕ್ಕೆ ಒಂದು ಮರವೂ ಬೀಳಬೇಕಿಲ್ಲ. ಸಾಲದಿದ್ದರೆ ಬ್ಯಾಟರಿ ಇಡಿ, ಅದೂ ಸೋಲಾರ್ ಪಾರ್ಕಿನ ಪಕ್ಕದಲ್ಲೇ. ಹತ್ತು ಹದಿನೈದು ವರ್ಷಕ್ಕೆ ಅವು ಹಾಳಾಗುತ್ತವೆ, ಪಂಪ್ಡ್ ಸ್ಟೋರೇಜ್ ಅದಕ್ಕಿಂತ ಬಹಳ ಕಾಲ ಬಾಳುತ್ತದೆ ಅನ್ನುವ ವಾದವನ್ನು ಒಪ್ಪುತ್ತೇನೆ. ಆದರೆ ಬ್ಯಾಟರಿಯನ್ನು ಬದಲಾಯಿಸಬಹುದು, ಈ ಕಾಡನ್ನು ಬದಲಾಯಿಸಲು ಬರುವುದಿಲ್ಲ.

ಇನ್ನು ಮನೆ ಚಾವಣಿಯ ವಿಷಯ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ, ಹಾಕಿಸಿ ಅಂತಲೇ ಹೇಳುತ್ತೇನೆ. ಮಾರುವವರು ಬಾಯಿಬಿಡದ ಸಂಗತಿಯೊಂದಿದೆ: ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಅಂದರೆ ಕರೆಂಟ್ ಲೈನಿಗೆ ಜೋಡಿಸಿದ್ದು, ಲೈನ್ ಹೋದ ಕೂಡಲೇ ತಾನೂ ಬಂದ್ ಆಗುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದಲ್ಲ, ಅದಕ್ಕೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ನಮ್ಮಂಥ ಊರಲ್ಲಿ, ಚಾವಣಿ ತುಂಬ ಪ್ಯಾನೆಲ್ ಇದ್ದೂ ಮೇಣದಬತ್ತಿಯೇ ಗತಿ. ಇಲ್ಲಿಗೆ ಬ್ಯಾಟರಿ ಇರುವ ಹೈಬ್ರಿಡ್ಡೇ ಬೇಕು, ಅದರ ಖರ್ಚು ಬೇರೆ. ಮೇಲೆ ಆಷಾಢದ ಮೋಡ, ಮನೆ ಸುತ್ತ ಹಲಸು, ಅಡಿಕೆ ಮರಗಳ ನೆರಳು.

ತೀರ್ಥಹಳ್ಳಿ, ಹೊಸನಗರದ ಕಡೆ ಹಾಕಿಸಿದವರು ಇಲ್ಲಿದ್ದರೆ ಮಾರ್ಚ್ ತಿಂಗಳ ಬಿಲ್ಲು ತೋರಿಸಬೇಡಿ. ಜುಲೈಯದ್ದು ಎಷ್ಟು ಬಂತು, ಅದನ್ನು ಬರೆಯಿರಿ.