ಬೀಸಣಿಗೆಗೆ ಏಸಿ, ನಮಗೆ ಸೆಕೆ

ಆ ಕೋಣೆಯಲ್ಲಿ ಆರಾಮಾಗಿದ್ದದ್ದು ಒಂದೇ ಒಂದು. ಅದು ಬೀಸಣಿಗೆ.

ಸ್ಥಳೀಯ ಇತಿಹಾಸದ ಮ್ಯೂಸಿಯಂ. ಯಾವ ಊರಿನದು ಅಂತ ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಎಲ್ಲಿಗೆ ಹೋದರೂ ಈ ಕೋಣೆ ಸಿಕ್ಕೇ ಸಿಗುತ್ತದೆ. ಗೋಡೆಯಲ್ಲಿ ಮೀಸೆ ತಿರುವಿದ ಗಣ್ಯರ ಫೋಟೋಗಳು. ಮೂಲೆಯಲ್ಲಿ ನಿಂತ ಗಡಿಯಾರ, ನಿಂತದ್ದು ಅಂದರೆ ಎರಡೂ ಅರ್ಥದಲ್ಲಿ. ಒಂದು ಹೊಲಿಗೆ ಯಂತ್ರ. ನಡುವೆ ಗಾಜಿನ ಪೆಟ್ಟಿಗೆಯಲ್ಲಿ, ಅರ್ಧಚಂದ್ರದ ಹಾಗೆ ಬಿಚ್ಚಿಕೊಂಡು, ಮಹಾರಾಣಿಯ ಗತ್ತಿನಲ್ಲಿ ಕುಳಿತ ಅಲಂಕಾರದ ಬೀಸಣಿಗೆ.

ಪೆಟ್ಟಿಗೆಯೊಳಗೆ ಬೆರಳುದ್ದದ ಒಂದು ಮೀಟರ್ ಇತ್ತು. ತೇವಾಂಶ 50 ಪರ್ಸೆಂಟ್ ತೋರಿಸುತ್ತಿತ್ತು. ಅದು ಏರದ ಹಾಗೆ, ಇಳಿಯದ ಹಾಗೆ ನೋಡಿಕೊಳ್ಳಲು ಅಡಿಯಲ್ಲಿ ಸಿಲಿಕಾ ಜೆಲ್ ತಟ್ಟೆ. ನಮ್ಮ ತೇವಾಂಶದ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬಾಗಿಲ ಬಳಿ ಸ್ಟೂಲ್ ಮೇಲೆ ಕುಳಿತಿದ್ದ ಕಾವಲಿನ ಹೆಂಗಸು ಮ್ಯೂಸಿಯಂನ ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಬೀಸಿಕೊಳ್ಳುತ್ತಿದ್ದರು. ಕರಪತ್ರದ ಮುಖಪುಟದಲ್ಲಿ ಅದೇ ಬೀಸಣಿಗೆಯ ಫೋಟೋ.

"ಏಸಿ ಇಲ್ವಾ ಮೇಡಂ?"

"ಇದೆ ಸರ್. ಸ್ಟೋರ್ ರೂಮಲ್ಲಿ. ಅಲ್ಲಿ ಇನ್ನೂ ಒಂದಷ್ಟು ಬೀಸಣಿಗೆ ಇವೆ, ಅವಕ್ಕೆ."

ಮೊದಲು ಸಿಟ್ಟು ಬಂತು. ಆಮೇಲೆ ನೆನಪಾಯಿತು, ಏಸಿ ಹುಟ್ಟಿದ್ದೇ ಕಾಗದಕ್ಕೋಸ್ಕರ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಸೆಕೆಗೆ ಕಾಗದ ಉಬ್ಬಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯ ತೇವ ತೆಗೆಯುವ ಯಂತ್ರ ಮಾಡಿಕೊಡು ಅಂತ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರನಿಗೆ ಕೆಲಸ ಒಪ್ಪಿಸಿದರು. ಅಲ್ಲಿ ಬೆವರುತ್ತಿದ್ದ ಕೆಲಸಗಾರರ ಮಾತೇ ಬರಲಿಲ್ಲ. ಅಂದರೆ ತಂಪು ಮೊದಲು ಕಾಗದಕ್ಕೆ, ಮಿಕ್ಕರೆ ಮನುಷ್ಯನಿಗೆ. ಮ್ಯೂಸಿಯಂ ಮೂಲ ನಿಯಮವನ್ನೇ ಪಾಲಿಸುತ್ತಿದೆ, ತಪ್ಪೇನಿಲ್ಲ.

ಲೇಬಲ್ ಓದೋಣ ಅಂತ ಹತ್ತಿರ ಹೋದೆ. ಕತ್ತಲು. ಬೆಳಕು 50 ಲಕ್ಸ್ ದಾಟಬಾರದು ಅನ್ನುವುದು ಮ್ಯೂಸಿಯಂ ಲೋಕದ ಕಟ್ಟಳೆ, ರೇಷ್ಮೆ ಮತ್ತು ಬಣ್ಣದ ಕಾಗದ ಮಂಕಾಗುತ್ತದಲ್ಲ. ನಡುಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಬಿಸಿಲಲ್ಲಿ ಹಿಡಿಯಲೆಂದು ಮಾಡಿದ ವಸ್ತುವಿಗೆ ಈಗ ಬಲ್ಬಿನ ಬೆಳಕೂ ಆಗಿಬರುವುದಿಲ್ಲ. ಕಣ್ಣು ಕಿರಿದು ಮಾಡಿ, ಹಣೆಯನ್ನು ಗಾಜಿಗೆ ಒತ್ತಿದೆ. ಎಲ್ಲಿಂದಲೋ ಪೀಂ ಪೀಂ ಅಂತ ಕೂಗಿತು. "ಗಾಜು ಮುಟ್ಬೇಡಿ ಸರ್" ಅಂದರು ಆಕೆ, ಬೀಸುವುದನ್ನು ನಿಲ್ಲಿಸದೆ. ಗಾಜಿನ ಮೇಲೆ ನನ್ನ ಹಣೆಯ ಬೆವರು ಒಂದು ಗುಂಡು ಮುದ್ರೆ ಒತ್ತಿತ್ತು. ಆ ಬೀಸಣಿಗೆಗೆ ಎಷ್ಟೋ ವರ್ಷದ ಮೇಲೆ ಕಂಡ ಮೊದಲ ಬೆವರು ಅದೇ ಇರಬೇಕು.

ಲೇಬಲ್‌ನಲ್ಲಿ ಇದ್ದದ್ದು ಇಷ್ಟೇ: "ಬೀಸಣಿಗೆ. 19ನೇ ಶತಮಾನ. ದಂತ, ರೇಷ್ಮೆ, ಬಣ್ಣ." ಕೆಳಗೆ ದಾನ ಕೊಟ್ಟವರ ಹೆಸರು, ಬೀಸಣಿಗೆಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ. ಬೀಸಿದ್ದು ಯಾರು, ಯಾರಿಗೆ, ಬೀಸುವಾಗ ಏನು ಯೋಚನೆ ಮಾಡುತ್ತಿದ್ದರು, ಒಂದೂ ಇಲ್ಲ. ಅಡುಗೆಯವರ ಬಡಪಾಯಿ ಬೀಸಣಿಗೆ ಈ ಕೋಣೆಗೆ ಬರಲೇ ಇಲ್ಲ, ಅದು ಬಳಸಿ ಬಳಸಿ ಹರಿದು ಒಲೆಗೇ ಹೋಯಿತು. ಉಳಿದದ್ದು ಬೀಸದೆ ಇದ್ದದ್ದು. ಬಳಸದ ವಸ್ತು ಮಾತ್ರ ನೂರು ವರ್ಷ ಬಾಳುತ್ತದೆ, ಆಮೇಲೆ ಅದನ್ನು ತೋರಿಸಿ "ಹಿಂದಿನವರು ಹೀಗೆ ಬದುಕಿದ್ದರು" ಅನ್ನುತ್ತೇವೆ. ಒಂದು ತೂತಾದರೂ ಇದ್ದಿದ್ದರೆ ನಂಬುತ್ತಿದ್ದೆ.

ಇನ್ನು "ಸ್ಥಳೀಯ" ಅನ್ನುವ ಮಾತು. ಮಡಚುವ ಬೀಸಣಿಗೆ ಹುಟ್ಟಿದ್ದು ಜಪಾನಿನಲ್ಲಿ. ಅಲ್ಲಿಂದ ಚೀನಾಕ್ಕೆ ಹೋಯಿತು. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗು ಹತ್ತಿ ಯುರೋಪ್ ಸೇರಿತು. ಆಮೇಲೆ ಚೀನಾದ ಕ್ಯಾಂಟನ್‌ನಲ್ಲಿ ಹೊರದೇಶಕ್ಕೆ ಕಳಿಸಲೆಂದೇ ಬೀಸಣಿಗೆ ಮಾಡುವ ಅಂಗಡಿಗಳು ಎದ್ದವು. "ಸಾವಿರ ಮುಖ"ದ್ದು ಅಂತ ಒಂದು ನಮೂನೆ ಇದೆ. ಹಾಳೆ ತುಂಬ ಜನ, ಒಬ್ಬೊಬ್ಬರ ಮುಖವೂ ದಂತದ ತೆಳು ಚೂರು, ಮೈಮೇಲೆ ನಿಜವಾದ ರೇಷ್ಮೆ ಬಟ್ಟೆಯ ತುಂಡು, ಎಲ್ಲ ಗೋಂದಿನಲ್ಲಿ ಅಂಟಿಸಿದ್ದು. ಕಣ್ಣು ಉಗುರಿನ ತುದಿಗಿಂತ ಚಿಕ್ಕದು. ಅಷ್ಟು ಮುಖ ಬಿಡಿಸಿದವನ ಮುಖ ಯಾವ ಲೇಬಲ್‌ನಲ್ಲೂ ಇಲ್ಲ. ಲೋಕದ ಎಷ್ಟೋ ಸ್ಥಳೀಯ ಮ್ಯೂಸಿಯಂಗಳು ಇಂಥ ಬೀಸಣಿಗೆಯನ್ನು "ನಮ್ಮ ಊರಿನ ಹೆಮ್ಮೆ" ಅಂತ ಇಟ್ಟುಕೊಂಡಿವೆ. ಅದರಲ್ಲಿ ಸ್ಥಳೀಯವಾದದ್ದು ಮೇಲಿನ ಧೂಳು ಒಂದೇ. ಅದನ್ನೂ ಮೆತ್ತನೆಯ ಬ್ರಷ್ ಹಿಡಿದು ತೆಗೆದುಬಿಟ್ಟಿದ್ದಾರೆ.

ದಂತದ ವಿಷಯ ಬಂತಲ್ಲ, ಒಂದು ಮಾತು. ಆನೆ ಸೆಕೆಯಾದಾಗ ಕಿವಿ ಬೀಸಿಕೊಳ್ಳುತ್ತದೆ. ಕಿವಿಯ ತೆಳು ಚರ್ಮದ ರಕ್ತನಾಳಗಳಲ್ಲಿ ರಕ್ತ ತಂಪಾಗಿ ಮೈಗೆ ಹೋಗುತ್ತದೆ. ಮೊರದಗಲದ ಎರಡು ಬೀಸಣಿಗೆಯನ್ನು ತಲೆಯಲ್ಲೇ ಹೊತ್ತು ತಿರುಗುವ ಆ ಪ್ರಾಣಿಯನ್ನು ಕೊಂದು, ಅದರ ಹಲ್ಲಿನಿಂದ ಅಂಗೈಯಗಲದ ಬೀಸಣಿಗೆ ಮಾಡಿಕೊಂಡೆವು. ಅದೂ ಬೀಸಲಿಕ್ಕಲ್ಲ, ಶೋಕಿಗೆ. 1989ರಲ್ಲಿ ಹೊರದೇಶಗಳ ನಡುವಿನ ಆನೆದಂತದ ವ್ಯಾಪಾರ ನಿಲ್ಲಿಸಬೇಕು ಅಂತ ದೇಶಗಳು ತೀರ್ಮಾನ ಮಾಡಿದವು. ಆಗಿನಿಂದ ಅಜ್ಜಿಯ ದಂತದ ಬೀಸಣಿಗೆ ಇಟ್ಟುಕೊಂಡ ಮೊಮ್ಮಕ್ಕಳ ಪಾಡು ನೋಡಿ. ಗಡಿ ದಾಟಿಸಿ ಮಾರಲು ಭಯ, ಎಸೆಯಲು ಮನಸ್ಸಿಲ್ಲ, ಬೀಸಿಕೊಳ್ಳಲು ನಾಚಿಕೆ. ಕೊನೆಗೆ ಏನು ಮಾಡುತ್ತಾರೆ? ಮ್ಯೂಸಿಯಂಗೆ ದಾನ! ಮನೆಯ ಕಪಾಟೂ ಖಾಲಿ, ಪೇಪರಲ್ಲಿ ಫೋಟೋನೂ ಬಂತು.

ಮ್ಯೂಸಿಯಂನವರಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಹಾಗೆ ಬಂದ ಬೀಸಣಿಗೆಗೆ ಒಂದು ನಂಬರ್ ಬೀಳುತ್ತದೆ, 1994.12.3 ಅನ್ನುವ ಹಾಗೆ. 1994ನೇ ಇಸವಿ, ಆ ವರ್ಷದ 12ನೇ ದಾನ, ಅದರಲ್ಲಿ 3ನೇ ವಸ್ತು. ಹತ್ತಿ ದಾರದಲ್ಲಿ ಚೀಟಿ ಕಟ್ಟುತ್ತಾರೆ. ಅಲ್ಲಿಗೆ ಮುಗಿಯಿತು. ಒಂದು ಸಲ ರಿಜಿಸ್ಟರ್ ಸೇರಿದರೆ ಅಲ್ಲಿಂದ ಹೊರಗೆ ಬರಲು ಸಮಿತಿ ಕೂರಬೇಕು, ಕಾರಣ ಬರೆಯಬೇಕು, ಸಹಿ ಬೀಳಬೇಕು. ಜೈಲಿನಲ್ಲಾದರೆ ಸನ್ನಡತೆಗೆ ಬಿಡುಗಡೆ ಉಂಟು. ಬೀಸಣಿಗೆಗಿಂತ ಸನ್ನಡತೆಯವರು ಯಾರಿದ್ದಾರೆ ಹೇಳಿ, ಆದರೂ ಇಲ್ಲ.

ಒಳಗೆ ಅದರ ಸೇವೆ ಮಾತ್ರ ಜೋರು. ಬಿಚ್ಚಿಯೇ ಇಟ್ಟರೆ ಮಡಿಕೆಗಳು ಎಳೆದುಕೊಂಡು ಸೀಳುತ್ತವೆ. ಮುಚ್ಚಿಟ್ಟು ಆಮೇಲೆ ಬಿಚ್ಚಿದರೆ ಬಣ್ಣ ಉದುರುತ್ತದೆ. ರೇಷ್ಮೆಯದಾದರೆ ಇನ್ನೊಂದು ತಾಪತ್ರಯ. ಹಸಿ ರೇಷ್ಮೆಯ ಅಂಟು ತೊಳೆದಾಗ ತೂಕ ಕಡಿಮೆ ಆಗುತ್ತದೆ, ಆ ನಷ್ಟ ತುಂಬಿಕೊಳ್ಳಲು 19ನೇ ಶತಮಾನದ ವ್ಯಾಪಾರಿಗಳು ತವರದ ಲವಣ, ಕಬ್ಬಿಣದ ಲವಣ ಹೀರಿಸಿ ತೂಕ ಏರಿಸಿದರು. ಕೊಂಡವರಿಗೆ ಬಟ್ಟೆ ಭಾರವಾಗಿದೆ ಅಂತ ಖುಷಿ. ಆ ಲವಣವೇ ಈಗ ರೇಷ್ಮೆಯನ್ನು ಹಪ್ಪಳದ ಹಾಗೆ ಪುಡಿ ಮಾಡುತ್ತಿದೆ. ಯಾವನೋ ತಕ್ಕಡಿಯಲ್ಲಿ ಮಾಡಿದ ಮೋಸಕ್ಕೆ, ಎಲ್ಲೋ ಒಬ್ಬ ಕ್ಯುರೇಟರ್ ಕೈಗವಸು ಹಾಕಿಕೊಂಡು, ಉಸಿರು ಬಿಗಿಹಿಡಿದು ದಂಡ ಕಟ್ಟುತ್ತಿದ್ದಾರೆ. ಉಸಿರು ಬಿಗಿಹಿಡಿಯಲೇಬೇಕು. ಗಾಳಿ ತಾಗಿದರೆ ಬೀಸಣಿಗೆ ಹಾಳಾಗುತ್ತದೆ.

ಪೆಟ್ಟಿಗೆಯ ಪಕ್ಕದಲ್ಲಿ ಬಣ್ಣಬಣ್ಣದ ಒಂದು ಬೋರ್ಡ್: "ಬೀಸಣಿಗೆಯ ರಹಸ್ಯ ಭಾಷೆ." ಬಲಗೆನ್ನೆಗೆ ಒರಗಿಸಿದರೆ ಹೌದು. ಎಡಗೆನ್ನೆಗಾದರೆ ಇಲ್ಲ. ಕೆನ್ನೆಯ ಮೇಲೆ ಎಳೆದರೆ ಪ್ರೀತಿಸುತ್ತೇನೆ. ಬೇಗ ಬೀಸಿದರೆ ಮದುವೆ ನಿಶ್ಚಯವಾಗಿದೆ, ನಿಧಾನಕ್ಕೆ ಬೀಸಿದರೆ ಮದುವೆ ಆಗಿಹೋಗಿದೆ. (ಕೊನೆಯದನ್ನು ಮಾತ್ರ ನಾನು ಅಲ್ಲಗಳೆಯಲಾರೆ.) ಹಿಂದಿನ ಕಾಲದ ಹುಡುಗಿಯರು ಹೀಗೆ ಮಾತಾಡುತ್ತಿದ್ದರು ಅಂತ ಕೆಳಗೆ ಒಕ್ಕಣೆ.

ಈ ಭಾಷೆಯ ವ್ಯಾಕರಣ ಹಂಚಿದವರು ಬೀಸಣಿಗೆ ಮಾರುವವರು. ಪ್ಯಾರಿಸ್‌ನ ಡುವೆಲರ್ವಾ ಎಂಬ ಬೀಸಣಿಗೆ ಅಂಗಡಿ ಶುರುವಾದದ್ದು 1827ರಲ್ಲಿ. ಆಮೇಲೆ ಅವರು ಗಿರಾಕಿಗಳಿಗೆ ಕೊಟ್ಟ ಒಂದು ಚೀಟಿಯಲ್ಲಿ ಈ ಪಟ್ಟಿ ಇತ್ತು. ಬೀಸಣಿಗೆಯ ಚರಿತ್ರೆ ಬಲ್ಲವರು ಇದನ್ನು ಬಹುಮಟ್ಟಿಗೆ ವ್ಯಾಪಾರದ ಜಾಣತನ ಅಂತಲೇ ಎಣಿಸುತ್ತಾರೆ. ಅಂಗಡಿಯ ಜಾಹೀರಾತು ಮ್ಯೂಸಿಯಂನ ಗೋಡೆ ಹತ್ತಿ ಇತಿಹಾಸವಾಗಿ ಕೂತಿದೆ. ಸುಮ್ನೆ ಯೋಚನೆ ಮಾಡಿ, ಆ ಭಾಷೆ ನಿಜವೇ ಆಗಿದ್ದರೆ ಸೆಕೆಯ ದಿನ ಏನು ಗತಿ? ತಡೆಯಲಾರದೆ ಜೋರಾಗಿ ಬೀಸಿಕೊಂಡವಳಿಗೆ ಸಂಜೆಯೊಳಗೆ ಹತ್ತು ಕಡೆ ಮದುವೆ ನಿಶ್ಚಯ! ಬಾಗಿಲ ಕಡೆ ನೋಡಿದೆ. ನಿವೃತ್ತಿಗೆ ಹತ್ತಿರವಿದ್ದ ಆ ಕಾವಲಿನಾಕೆ ಬೋರ್ಡಿನ ಪ್ರಕಾರ ಬೆಳಗಿನಿಂದ ನಿಶ್ಚಿತಾರ್ಥ ಮಾಡಿಕೊಳ್ಳುತ್ತಲೇ ಇದ್ದರು.

ಬೀಸಣಿಗೆ ನಿಜವಾಗಿ ಮಾತಾಡಿದ ಕಥೆ ಬೇಕಾದರೆ ಅದೂ 1827ರದೇ. ಅಲ್ಜಿಯರ್ಸ್ ನಗರದಲ್ಲಿ ಹುಸೇನ್ ಅನ್ನುವ ದೇಯ್, ಅಂದರೆ ಅಲ್ಲಿನ ದೊರೆ, ಫ್ರಾನ್ಸಿನ ಕಾನ್ಸಲ್ ಪಿಯೆರ್ ದೆವಾಲ್‌ನನ್ನು ಎದುರಿಗೆ ಕೂರಿಸಿಕೊಂಡು ಕೇಳಿದ: ನಿಮ್ಮ ಸೈನ್ಯ ತಿಂದ ಗೋಧಿಯ ಬಾಕಿ ಯಾವಾಗ ಕೊಡುತ್ತೀರಿ? 1790ರ ದಶಕದ ಸಾಲ ಅದು. ಉತ್ತರ ಉಡಾಫೆಯದಾಗಿತ್ತು. ದೇಯ್ ಕೈಯಲ್ಲಿದ್ದ ನೊಣ ಓಡಿಸುವ ಬೀಸಣಿಗೆಯಲ್ಲೇ ಒಂದು ಬಾರಿಸಿದ. ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ದೆವಾಲ್ ಬೀಸಣಿಗೆ ತಪ್ಪಿಸಿಕೊಳ್ಳಲಿಲ್ಲ, ಆಯಸ್ಸು ಹೋದದ್ದು ಬಾರಿಸಿದವನ ರಾಜ್ಯದ್ದು. ಅವಮಾನವಾಯಿತು ಅಂತ ಫ್ರಾನ್ಸ್ ಬಂದರಿಗೆ ದಿಗ್ಬಂಧನ ಹಾಕಿತು. 1830ರಲ್ಲಿ ಸೈನ್ಯ ಇಳಿಸಿತು. ಅಲ್ಜೀರಿಯಾ ಬಿಡುಗಡೆ ಆದದ್ದು 1962ರಲ್ಲಿ. ಒಂದು ಬೀಸಿಗೆ 132 ವರ್ಷ. ಫ್ರಾನ್ಸಿಗೆ ಹೇಗಿದ್ದರೂ ಒಂದು ನೆಪ ಬೇಕಿತ್ತು, ಅದು ಬೇರೆ ಮಾತು. ಈ ಕಥೆ ಬೋರ್ಡಿನಲ್ಲಿ ಇಲ್ಲ. ಕೆನ್ನೆಗೆ ಬಾರಿಸಿದರೆ ಏನರ್ಥ ಅಂತ ಡುವೆಲರ್ವಾ ಚೀಟಿಯಲ್ಲೂ ಕೊಟ್ಟಿಲ್ಲ.

ಹಾಗೆ ನೋಡಿದರೆ ಬೀಸಣಿಗೆ ಯಾವತ್ತೂ ದೊಡ್ಡವರ ವಸ್ತುವೇ. 1922ರಲ್ಲಿ ಪ್ರಾಚೀನ ಈಜಿಪ್ಟಿನ ದೊರೆ ಟುಟಂಖಾಮನ್‌ನ ಗೋರಿ ತೆರೆದಾಗ ಒಳಗೆ ಚಿನ್ನದ ಬೀಸಣಿಗೆಗಳು ಸಿಕ್ಕವು. ಒಂದರ ಮೇಲೆ ದೊರೆ ಉಷ್ಟ್ರಪಕ್ಷಿ ಬೇಟೆಯಾಡುವ ಚಿತ್ರ. ಚಿನ್ನ ಹಾಗೇ ಇತ್ತು, ಪುಕ್ಕವನ್ನು ಹುಳ ತಿಂದು ಮುಗಿಸಿದ್ದವು. ಗಾಳಿ ಬರುತ್ತಿದ್ದದ್ದು ಪುಕ್ಕದಿಂದ, ಬಿಡಿ. ಆ ದೊರೆಯ ಕಾಲದ ಈಜಿಪ್ಟಿನಲ್ಲಿ "ದೊರೆಯ ಬಲಗಡೆಯ ಬೀಸಣಿಗೆ ಹಿಡಿಯುವವನು" ಅನ್ನುವುದು ಬಹು ದೊಡ್ಡ ಬಿರುದು. ದೊರೆಯ ಕಿವಿಗೆ ಹತ್ತಿರ ನಿಂತವನು ನೋಡಿ. ದೊಡ್ಡವರಿಗೆ ಗಾಳಿ ಹಾಕಿ ಮೇಲೆ ಬರುವ ವಿದ್ಯೆಗೆ ಮೂರು ಸಾವಿರ ವರ್ಷ ದಾಟಿದೆ. ಅದನ್ನು ಮ್ಯೂಸಿಯಂನಲ್ಲಿ ಇಡುವ ಅಗತ್ಯ ಬಿದ್ದಿಲ್ಲ, ಇನ್ನೂ ಚಾಲ್ತಿಯಲ್ಲಿದೆ.

ಸಂದರ್ಶಕರ ಪುಸ್ತಕದಲ್ಲಿ ಏನಾದರೂ ಬರೆಯೋಣ ಅಂತ ತೆರೆದೆ. ಹಿಂದಿನ ಪುಟದ ತುಂಬ "ತುಂಬಾ ಚೆನ್ನಾಗಿದೆ" ಮತ್ತು "ಸೆಕೆ". ನಾನೂ "ಸೆಕೆ" ಅಂತ ಬರೆದು ಸಹಿ ಹಾಕಿದೆ.

ಹೊರಡುವಾಗ ಕೇಳಿದೆ, "ಮೇಡಂ, ಆ ಕರಪತ್ರ ನನಗೂ ಒಂದು ಕೊಡ್ತೀರಾ?"

ಆಕೆ ಬೀಸುವುದನ್ನು ನಿಲ್ಲಿಸಿದರು. ಕರಪತ್ರ ಬಿಚ್ಚಿ, ಮೊಣಕಾಲ ಮೇಲಿಟ್ಟು ಮಡಿಕೆಗಳನ್ನು ಅಂಗೈಯಲ್ಲಿ ತೀಡಿದರು.

"ಕೊನೇದು ಸರ್ ಇದು. ಹೊಸದು ಪ್ರಿಂಟ್ ಆಗಲ್ವಂತೆ. ರೆಕಾರ್ಡಿಗೆ ಒಂದು ಬೇಕು ಅಂತ ಒಳಗಿನವರು ಕೇಳಿದಾರೆ, ಸಂಜೆ ಕೊಡಬೇಕು."

ನಂಬರ್ ಆಗಲೇ ಸಿಕ್ಕಿತ್ತು. ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ, ಸಣ್ಣದಾಗಿ ಬರೆದಿದ್ದರು.