ಅಕ್ಕಿಯೋ ದುಡ್ಡೋ: ಚೆನ್ನೈಯಲ್ಲಿ ಕೂತು ಲಂಕೆಯನ್ನು ನೋಡಿದಾಗ

ಬಿಕ್ಕಟ್ಟಿಗೆ ಸಿಕ್ಕ ಕುಟುಂಬಕ್ಕೆ ಅಕ್ಕಿ ಕೊಡಬೇಕೋ ದುಡ್ಡು ಕೊಡಬೇಕೋ ಎಂಬ ಜಗಳ ಊರಲ್ಲೂ ಇದೆ, ಚೆನ್ನೈಯ ಕನ್ನಡಿಗರ ನಡುವೆಯೂ ಇದೆ. ಆರ್ಥಿಕ ಬಿಕ್ಕಟ್ಟಿಗೆ ಸಿಕ್ಕಿದ್ದ 2022ರ ಶ್ರೀಲಂಕಾದಲ್ಲಿ ಎರಡೂ ನಡೆದವು.

ತಮಿಳುನಾಡು 40,000 ಟನ್ ಅಕ್ಕಿ, 500 ಟನ್ ಹಾಲಿನಪುಡಿ ಮತ್ತು ಔಷಧಿ ಘೋಷಿಸಿತು. ಮೊದಲ ಹಡಗು ಮೇ ತಿಂಗಳಲ್ಲಿ ಹೊರಟಿತು. ಜೂನ್‌ನಲ್ಲಿ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ಕೊಲಂಬೊದ ಬಡ ಗರ್ಭಿಣಿಯರಿಗೆ ದುಡ್ಡಿನ ಬದಲು ಅಂಗಡಿಯಲ್ಲಿ ಕೊಟ್ಟು ಆಹಾರ ಕೊಳ್ಳುವ, ತಿಂಗಳಿಗೆ 15,000 ಲಂಕಾ ರೂಪಾಯಿಯ ಚೀಟಿ ಕೊಡತೊಡಗಿತು.

ಅಕ್ಕಿಯ ಲೆಕ್ಕ ನೋಡಿ. ಪರಿಹಾರದ ರೂಢಿಯಲ್ಲಿ ತಲೆಗೆ ದಿನಕ್ಕೆ 2,100 ಕಿಲೊಕ್ಯಾಲರಿ; ಅದರಲ್ಲಿ ಮುಖ್ಯವಾಗಿ ಸುಮಾರು 400 ಗ್ರಾಂ ಧಾನ್ಯ, 60 ಗ್ರಾಂ ಬೇಳೆ, 25 ಗ್ರಾಂ ಎಣ್ಣೆ, 5 ಗ್ರಾಂ ಉಪ್ಪು. ನಾಲ್ವರ ಮನೆಗೆ 10 ಕೆಜಿ ಅಕ್ಕಿ ಆರು ದಿನ ಬಂದರೆ ಹೆಚ್ಚು. ಬೇಳೆ, ಎಣ್ಣೆ ಜೊತೆಗಿಲ್ಲದಿದ್ದರೆ ಹೊಟ್ಟೆ ತುಂಬೀತು, ಮೈಗೆ ಹತ್ತದು. ಅಡುಗೆ ಅನಿಲಕ್ಕೆ ಸಾಲು ನಿಂತ ಊರಿಗೆ ಬರೀ ಅಕ್ಕಿ ಕಳಿಸಿದರೆ ಬೇಯಿಸುವುದು ಯಾವುದರಲ್ಲಿ? ಹಾಲಿನಪುಡಿ ಇನ್ನೂ ನಾಜೂಕು. ಕುದಿಸಿದ ನೀರಿಲ್ಲದ ಮನೆಯಲ್ಲಿ ಅದು ಹಸುಗೂಸಿನ ಬಾಟಲಿಗೆ ಹೋದರೆ ಭೇದಿಯೇ ಗತಿ. ಹಂಚುವಾಗಲೇ ಇದನ್ನು ತಾಯಂದಿರಿಗೆ ಬಿಡಿಸಿ ಹೇಳಬೇಕು.

ಹಾಗಂತ ಚೀಟಿಯೇ ಮೇಲು ಎನ್ನುವವರ ಮಾತೂ ನನಗೆ ಅರ್ಧ ಸತ್ಯ. ಅಂಗಡಿಯಲ್ಲಿ ಸರಕಿದ್ದರೆ ಮಾತ್ರ ಅದು ನಡೆಯುತ್ತದೆ. ಆ ಮಾರ್ಚ್ ಕೊನೆಯಲ್ಲಿ ದಿನಕ್ಕೆ 13 ಗಂಟೆ ಕರೆಂಟ್ ಹೋಗುತ್ತಿತ್ತು; ಕಾರ್ಡ್ ಉಜ್ಜುವ ಯಂತ್ರ ನಂಬಿದರೆ ಬರಿಗೈ, ಕಾಗದದ ಚೀಟಿಯೇ ವಾಸಿ. ಅದಕ್ಕಿಂತ ದೊಡ್ಡ ತೊಡಕು ಬೆಲೆ. ಸೆಪ್ಟೆಂಬರ್ ಹೊತ್ತಿಗೆ ಕೊಲಂಬೊದಲ್ಲಿ ಆಹಾರದ ಹಣದುಬ್ಬರ ಶೇ. 94.9. ರೂಪಾಯಿ ಬರೆದ ಚೀಟಿ ತಿಂಗಳಿಂದ ತಿಂಗಳಿಗೆ ಕರಗುತ್ತದೆ. ಇಷ್ಟು ಕೆಜಿ ಅಕ್ಕಿ, ಇಷ್ಟು ಬೇಳೆ ಎಂದು ಬರೆದರೆ ಏರಿದ ಬೆಲೆಯ ಹೊರೆ ನೆರವು ಕೊಡುವವರ ಹೆಗಲಿಗೆ ಬೀಳುತ್ತದೆ. ಬೀಳಬೇಕಾದ್ದೂ ಅಲ್ಲಿಗೇ.

ಕರ್ನಾಟಕದಲ್ಲೂ 2023ರ ಜುಲೈಯಿಂದ 5 ಕೆಜಿ ಅಕ್ಕಿಯ ಬದಲು ಕೆಜಿಗೆ 34ರಂತೆ ತಲೆಗೆ 170 ರೂಪಾಯಿ ಕೊಟ್ಟರು. ಆ ದರಕ್ಕೆ ಅಂಗಡಿಯಲ್ಲಿ ಎಂಥ ಅಕ್ಕಿ ಸಿಗುತ್ತಿತ್ತೆಂದು ಕೊಂಡವರೇ ಹೇಳಲಿ. 2025ರಲ್ಲಿ ಮತ್ತೆ ಅಕ್ಕಿಗೇ ಮರಳಿದರು.

ಇನ್ನು ನೆರವು ಪಡೆಯುವವರ ಪಟ್ಟಿ. ಲಂಕೆಯ ಟೀ ತೋಟಗಳ ಲೈನ್ ಮನೆಗಳಲ್ಲಿ (ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಗಳು) ಒಂದೇ ಬಾಗಿಲ ಹಿಂದೆ ಎರಡು ಸಂಸಾರ ಇರುವುದುಂಟು. ಗ್ರಾಮ ನಿಲಧಾರಿ, ಅಂದರೆ ಅಲ್ಲಿನ ಹಳ್ಳಿ ಮಟ್ಟದ ಸರ್ಕಾರಿ ಅಧಿಕಾರಿ, ಬಾಗಿಲು ಎಣಿಸಿ ಹೆಸರು ಬರೆದರೆ ಎರಡನೆಯವರಿಗೆ ಅಕ್ಕಿಯೂ ಇಲ್ಲ, ಚೀಟಿಯೂ ಇಲ್ಲ.